ಬೋರಾ ಬಜಾರಿನ ಹಳೇ ಗಾಜು

ಮುಂಬಯಿಯ ವಿ.ಟಿ. ಸ್ಟೇಶನ್ನಿಗೆ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಅಂತ ಹೆಸರಾಯಿತು, 2017ರಲ್ಲಿ ಅದರ ಜೊತೆ ‘ಮಹಾರಾಜ’ವೂ ಸೇರಿಕೊಂಡಿತು. ಆದರೂ ನಮ್ಮ ಕಾಲದಲ್ಲಿ ಊರು ಬಿಟ್ಟು ಬಂದವರ ಬಾಯಲ್ಲಿ ಅದು ವೀಟಿಯೇ. ಅಲ್ಲಿಂದ ಹೊರಬಿದ್ದು ಫೋರ್ಟಿನ ಕಡೆ ರಸ್ತೆ ದಾಟಿದರೆ ಸಿಗುವುದು ಬೋರಾ ಬಜಾರು. ಫೋರ್ಟ್ ಎಂದರೆ ಕೋಟೆ. ಅದರ ಗೋಡೆಗಳನ್ನು 1860ರ ದಶಕದಲ್ಲೇ ಕೆಡವಿದ್ದಾರೆ, ಹೆಸರು ಮಾತ್ರ ನಿಂತಿದೆ. ಊರಿನಿಂದ ಬಂದ ನೆಂಟರಿಗೆ ತೋರಿಸುವಂಥ ಜಾಗವೇನಲ್ಲ ಅದು. ಕೈಗಾಡಿಗಳು, ಛಾಪಖಾನೆ, ಕಾಗದದ ಅಂಗಡಿ, ಚಹಾದವನ ಕೂಗು, ಇವುಗಳ ನಡುವೆ ಸಾಲು ಸಾಲಾಗಿ ಕ್ಯಾಮೆರಾ ಅಂಗಡಿಗಳು. ದಿಲ್ಲಿಯವರಿಗೆ ಚಾಂದನಿ ಚೌಕದ ಕೂಚಾ ಚೌಧರಿ ಹೇಗೋ ನಮಗೆ ಇದು ಹಾಗೆ. ಹೊಸ ಕ್ಯಾಮೆರಾ ಕೊಳ್ಳಲು ಬರುವವರಿಗಿಂತ ಹಳೆಯದನ್ನು ತಿರುಗಿಸಿ ಮುರುಗಿಸಿ ನೋಡಲು ಬರುವವರೇ ಅಲ್ಲಿ ಬಹುಕಾಲ ಹೆಚ್ಚಾಗಿದ್ದರು. ಹಳೇ ಲೆನ್ಸನ್ನು ಹಾಗೆ ತಿರುಗಿಸಿ ನೋಡುವುದರಲ್ಲಿ ಎಷ್ಟೊಂದು ಚರಿತ್ರೆ ಅಡಗಿದೆ ಅನ್ನುವುದು ನನಗೆ ತಿಳಿದದ್ದು ಆ ಗಲ್ಲಿಯಲ್ಲೇ.

ಮೊದಲು, ಹಳೆಯದೇ ಯಾಕೆ ಅನ್ನುವ ಪ್ರಶ್ನೆ. 1957ರ ವಿದೇಶಿ ವಿನಿಮಯದ ಮುಗ್ಗಟ್ಟಿನ ನಂತರ ಸರಕಾರ ಆಮದಿನ ಮೇಲೆ ಬಿಗಿ ಹಿಡಿತ ಹಾಕಿತು. ಒಳ್ಳೆಯ ಕ್ಯಾಮೆರಾ, ಲೆನ್ಸು ಅಂದರೆ ಶ್ರೀಮಂತರ ಷೋಕಿ ಎಂಬ ಲೆಕ್ಕ. ಮದುವೆ ಮನೆಯಲ್ಲಿ ಬೆವರು ಸುರಿಸುವ ಫೋಟೋಗ್ರಾಫರನ ಹೊಟ್ಟೆಪಾಡು ಆ ಲೆಕ್ಕದಲ್ಲಿ ಬರುತ್ತಲೇ ಇರಲಿಲ್ಲ. ಇತ್ತ ನಮ್ಮಲ್ಲಿ ಕ್ಯಾಮೆರಾದ ಮೈ ಮಾಡಬಲ್ಲವರು ಇದ್ದರು. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದಲೇ ತೇಗದ ಮರದ ‘ವಾಗೀಶ್ವರಿ’ ಕ್ಯಾಮೆರಾ ತಯಾರಾಗುತ್ತಿತ್ತು, ಕರ್ನಾಟಕದ ಎಷ್ಟೋ ಸ್ಟುಡಿಯೋಗಳ ಮೂಲೆಯಲ್ಲಿ ಕರಿ ಬಟ್ಟೆ ಹೊದ್ದು ನಿಂತಿದ್ದ ಮೂರುಕಾಲಿನ ಪೆಟ್ಟಿಗೆಗಳ ಜಾತಿಯದೇ ಅದು. ಆದರೆ ಅದರ ಮೂಗಿನ ಮೇಲೆ ಕೂರುವ ಗಾಜು ಹೊರದೇಶದ್ದು. ಅಗ್ಫಾ ಕ್ಲಿಕ್-3 ಕೂಡ ನಮ್ಮಲ್ಲೇ ತಯಾರಾಗುತ್ತಿತ್ತು, ಅದಕ್ಕಿದ್ದದ್ದು ಪ್ರವಾಸದ ಪಟಕ್ಕೆ ಸಾಕಾಗುವ ಸಾದಾ ಲೆನ್ಸು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1967ರ ಹೊತ್ತಿಗೆ ಫಿಲ್ಮು ಮಾಡತೊಡಗಿತು. ಒಳ್ಳೆಯ ಲೆನ್ಸು ಮಾತ್ರ ಬರಬೇಕಾದ್ದು ಜರ್ಮನಿಯಿಂದ, ಜಪಾನಿನಿಂದ, ಇಲ್ಲವೇ ರಷ್ಯದಿಂದ.

ಹಾಗಾದರೆ ಬೋರಾ ಬಜಾರಿಗೆ ಮಾಲು ಎಲ್ಲಿಂದ ಬರುತ್ತಿತ್ತು? ಹಡಗಿನವರ ಪೆಟ್ಟಿಗೆಯಿಂದ, ಕಳ್ಳಸಾಗಣೆಯಿಂದ, ಹಳೇ ಬಂಗಲೆಗಳ ಕಪಾಟಿನಿಂದ. ಇದರಲ್ಲಿ ನಮ್ಮವರ ಪಾಲೂ ಇದೆ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಅದಕ್ಕೂ ಮೊದಲು ಗಲ್ಫಿಗೆ ಹೋದ ಕರಾವಳಿಯ ಹುಡುಗರು ಊರಿಗೆ ವಾಪಸಾಗುವ ದೊಡ್ಡ ದಾರಿ ಮುಂಬಯಿಯೇ. ಸಹಾರ್ ವಿಮಾನ ನಿಲ್ದಾಣದಲ್ಲಿಳಿದು, ಡೊಂಗ್ರಿಯಲ್ಲೋ ಮಾಟುಂಗಾದಲ್ಲೋ ಪರಿಚಯದವರ ಖೋಲಿಯಲ್ಲಿ ಒಂದೆರಡು ರಾತ್ರಿ ತಂಗಿ, ಬಸ್ಸು ಹತ್ತುತ್ತಿದ್ದರು. ಸೆಂಟು, ಟೇಪ್‌ರೆಕಾರ್ಡರು, ತಂಗಿಗೆ ಸೀರೆ, ಇವುಗಳ ಜೊತೆ ಒಂದು ಯಾಶಿಕಾ ಇಲ್ಲವೇ ಪೆಂಟಾಕ್ಸ್. ಊರು ತಲುಪುವ ಮೊದಲೇ ಕೈಯಲ್ಲಿ ಕಾಸು ಬೇಕಾದವರು ಕ್ಯಾಮೆರಾವನ್ನು ಇಲ್ಲಿಯೇ ಮಾರಿ ಹೋಗುತ್ತಿದ್ದರು. ಒಬ್ಬ ಕನ್ನಡಿಗ ಅಬುಧಾಬಿಯಿಂದ ತಂದು ಮಾರಿದ್ದನ್ನು ಇನ್ನೊಬ್ಬ ಕನ್ನಡಿಗ ಗುಜರಾತಿ ಸೇಟನ ಕೈಯಿಂದ ಕೊಂಡು ಅದೇ ಊರಿಗೆ ಒಯ್ಯುವುದೂ ಇತ್ತು!

ನಾನು ಮುಂಬಯಿಗೆ ಬಂದದ್ದು 1984ರಲ್ಲಿ. ಆಗ ಗೋರೆಗಾಂವ್‌ನಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರ ಸ್ಟುಡಿಯೋ ಇತ್ತು. ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆ ಮುಗಿಸಿದ ಹುಡುಗರು ಬಿಡುವಿನಲ್ಲಿ ಅಲ್ಲಿ ಡಾರ್ಕ್‌ರೂಮಿನ ಕೆಲಸ ಕಲಿಯುತ್ತಿದ್ದರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಮಾಷ್ಟ್ರು. ಯಾರಾದರೂ ಹಳೇ ಲೆನ್ಸು ಕೊಳ್ಳುವುದಿದ್ದರೆ ಭಾನುವಾರ ಬಿಟ್ಟು ಬೇರೆ ದಿನ ಮಧ್ಯಾಹ್ನ ಹನ್ನೊಂದು ಗಂಟೆಗೆ ಅವರನ್ನು ಕರೆದುಕೊಂಡು ಹೋಗಬೇಕು. ಹನ್ನೊಂದೇ ಯಾಕೆಂದರೆ ಆ ಇಕ್ಕಟ್ಟಿನ ಗಲ್ಲಿಗೆ ಆಗ ಮೇಲಿನಿಂದ ನೇರ ಬೆಳಕು ಬೀಳುತ್ತದೆ. ಅಂಗಡಿಯೊಳಗಿನ ಟ್ಯೂಬ್‌ಲೈಟಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಜೇಬಿನಲ್ಲಿ ಎರಡು ಸೆಲ್ಲಿನ ಟಾರ್ಚು, ಒಂದು ಪುಟ್ಟ ಭೂತಗನ್ನಡಿ, ಹಳೇ ಮಲ್ಲು ಪಂಚೆಯ ತುಂಡು. ಹುಡುಗ ಲೆನ್ಸಿನ ಮೈ ಸವರುತ್ತ ಬೆರಗಾಗಿ ನಿಂತರೆ, “ಡಬ್ಬಿ ಕಂಡ್ ಮರುಳಾಪ್ದ್ ಬ್ಯಾಡ ಮಾರಾಯ, ಗಾಜ್ ಕಾಣ್” ಅನ್ನುತ್ತಿದ್ದರು.

ಗಾಜು ಕಾಣುವುದು ಅಂದರೆ ಹೀಗೆ. ಲೆನ್ಸಿನ ಹಿಂಭಾಗದ ಸಣ್ಣ ಲಿವರನ್ನೋ ಪಿನ್ನನ್ನೋ ಒತ್ತಿ ಅಪರ್ಚರನ್ನು ಪೂರ್ತಿ ತೆರೆಯಬೇಕು. ಹಿಂದಿನಿಂದ ಟಾರ್ಚು ಹಾಕಿ, ಮುಂದಿನಿಂದ ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ ನೋಡಬೇಕು. ನೇರ ನೋಡಿದರೆ ಕಣ್ಣು ಕುಕ್ಕಿ ಎಲ್ಲ ಶುದ್ಧವಾಗಿಯೇ ಕಾಣುತ್ತದೆ. ಓರೆ ಮಾಡಿದಾಗಲೇ ಒಳಗಿನ ಲೋಕ ತೆರೆಯುವುದು. ಧೂಳಿನ ಕಣಗಳು ನಕ್ಷತ್ರದ ಹಾಗೆ ಹೊಳೆಯುತ್ತವೆ. ಅದರ ಬಗ್ಗೆ ಚಿಂತೆ ಬೇಡ, ಹತ್ತಿಪ್ಪತ್ತು ಕಣ ಧೂಳಿನಿಂದ ಚಿತ್ರಕ್ಕೆ ಏನೂ ಆಗದು. ಮುಂದಿನ ಗಾಜಿನ ಮೇಲೆ ಒಂದು ಸಣ್ಣ ಗೀರು ಇದ್ದರೂ ಅಂಥ ನಷ್ಟವಿಲ್ಲ, ಹಿಂದಿನ ಗಾಜಿನ ಮೇಲೆ ಇದ್ದರೆ ಅದು ತೊಂದರೆ. ಮಂಜು ಕವಿದ ಹಾಗೆ ಕಂಡರೆ ಒಳಗಿನ ಗ್ರೀಸು ಸೆಕೆಗೆ ಆವಿಯಾಗಿ ಗಾಜಿಗೆ ಕೂತಿದೆ ಅಂತ ಅರ್ಥ. ಬಿಚ್ಚಿ ಒರೆಸಿದರೆ ಹೋಗುತ್ತದೆ, ಒರೆಸುವವನ ಕೂಲಿಯನ್ನು ಬೆಲೆಯಲ್ಲಿ ಕಳೆಯಬೇಕು ಅಷ್ಟೆ. ಜೇಡರ ಬಲೆಯ ಹಾಗೆ, ಇಲ್ಲವೇ ಬೇರು ಬಿಟ್ಟ ಗರಿಕೆಯ ಹಾಗೆ ಸಣ್ಣ ಎಳೆಗಳು ಅಂಚಿನಿಂದ ಒಳಕ್ಕೆ ಹರಿದಿದ್ದರೆ? ಅದು ಫಂಗಸ್ಸು, ನಮ್ಮ ಭಾಷೆಯಲ್ಲಿ ಬೂಷ್ಟು.

ಗಾಜಿಗೆ ಬೂಷ್ಟು ಹಿಡಿಯುವುದು ಅಂದರೆ ಬಯಲುಸೀಮೆಯ ಓದುಗರಿಗೆ ನಗು ಬಂದೀತು. ಕರಾವಳಿಯವರಿಗೆ, ಮಲೆನಾಡಿನವರಿಗೆ ವಿವರಿಸುವುದೇ ಬೇಡ. ಆಷಾಢದಲ್ಲಿ ಚರ್ಮದ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು, ಉಪ್ಪಿನಕಾಯಿ ಭರಣಿಯ ಬಾಯಿ ಎಲ್ಲಕ್ಕೂ ಹಿಡಿಯುವುದು ಇದೇ ಜಾತಿ. ಗಾಳಿಯ ತೇವ ನೂರಕ್ಕೆ 60-70ನ್ನು ದಾಟಿ ದಿನಗಟ್ಟಲೆ ನಿಂತರೆ, ಕತ್ತಲೆಯೂ ಸೇರಿದರೆ, ಗಾಜಿನ ಮೇಲಿನ ಎಣ್ಣೆಯ ಪಸೆ, ಬೆರಳಿನ ಗುರುತು, ಧೂಳು ಇವನ್ನೇ ತಿಂದು ಅದು ಬದುಕುತ್ತದೆ. ತಿಂದದ್ದಕ್ಕೆ ಪ್ರತಿಯಾಗಿ ಆಮ್ಲ ಕಾರುತ್ತದೆ. ಆ ಆಮ್ಲ ಮೊದಲು ಗಾಜಿನ ಮೇಲಿನ ಲೇಪವನ್ನೂ ಆಮೇಲೆ ಗಾಜನ್ನೂ ಕೊರೆಯುತ್ತದೆ. ಬೂಷ್ಟನ್ನು ಒರೆಸಬಹುದು, ಕೊರೆದ ಗಾಯವನ್ನು ಒರೆಸಲಾಗದು. ಮುಂಬಯಿಗೆ ವರ್ಷಕ್ಕೆ 2,200 ಮಿಲಿಮೀಟರಿಗೂ ಮೇಲೆ ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಉಡುಪಿಗೆ 4,000ದ ಆಸುಪಾಸು. ಆದ್ದರಿಂದ ಬೋರಾ ಬಜಾರಿನಲ್ಲಿ ಕಣ್ತಪ್ಪಿ ಬಂದ ಒಂದು ಎಳೆ ಬೂಷ್ಟು ಕಾರ್ಕಳ ತಲುಪಿ ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಬೇಲಿಯಾಗಿ ಬೆಳೆಯುತ್ತದೆ.

ಇದನ್ನು ಜಗತ್ತು ಗಂಭೀರವಾಗಿ ತೆಗೆದುಕೊಂಡದ್ದು ಯುದ್ಧದ ದೆಸೆಯಿಂದ ಅನ್ನುವುದು ನನಗೆ ತಡವಾಗಿ ತಿಳಿದ ವಿಷಯ. ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿಯ ಕಾಡುಗಳಲ್ಲಿ ಸೈನಿಕರ ದುರ್ಬೀನು, ಗುರಿಯ ದೂರದರ್ಶಕಗಳು ಕೆಲವೇ ವಾರಗಳಲ್ಲಿ ಕುರುಡಾಗತೊಡಗಿದವು. ಆಸ್ಟ್ರೇಲಿಯದ ವಿಜ್ಞಾನಿಗಳು ಅದಕ್ಕೆ ಮದ್ದು ಹುಡುಕಲು ಕೂತರು. ಉಷ್ಣವಲಯದ ಜನ ಹಿಂದಿನಿಂದಲೂ ಅನುಭವಿಸುತ್ತಿದ್ದ ಕಾಟ ದೊಡ್ಡ ಪ್ರಯೋಗಶಾಲೆಯ ಮೇಜಿಗೆ ಬರಲು ಒಂದು ಯುದ್ಧವೇ ಬೇಕಾಯಿತು ನೋಡಿ. ಮಾಷ್ಟ್ರ ಮದ್ದು ಅಗ್ಗದ್ದು: ಗಟ್ಟಿ ಮುಚ್ಚಳದ ಬಿಸ್ಕತ್ತಿನ ಡಬ್ಬ, ಒಳಗೆ ಬಟ್ಟೆಯ ಗಂಟಿನಲ್ಲಿ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಕಾವಲಿಯ ಮೇಲೆ ಹುರಿದು ಮತ್ತೆ ನೀಲಿ ಮಾಡಬೇಕು. ಚರ್ಮದ ಚೀಲದಲ್ಲಿ ಲೆನ್ಸು ಇಟ್ಟವರನ್ನು ಅವರು ಬೈಯದೆ ಬಿಟ್ಟದ್ದಿಲ್ಲ; ಚರ್ಮವೇ ಬೂಷ್ಟಿನ ತವರುಮನೆ.

ಲೇಪದ ಮಾತು ಬಂತಲ್ಲ, ಅದರ ಕಥೆ ಸ್ವಾರಸ್ಯದ್ದು. ಬರಿ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 4-5 ಪಾಲನ್ನು ವಾಪಸು ಕಳಿಸುತ್ತದೆ. ನಾಲ್ಕು ಗಾಜಿನ ಟೆಸ್ಸಾರ್ ಲೆನ್ಸಿನಲ್ಲಿ ಗಾಳಿಗೆ ತೆರೆದ ಮೈಗಳು ಆರು. ಒಟ್ಟು ಲೆಕ್ಕ ಹಾಕಿದರೆ ಕಾಲು ಭಾಗದಷ್ಟು ಬೆಳಕು ಫಿಲ್ಮಿಗೆ ಮುಟ್ಟುವುದೇ ಇಲ್ಲ, ಮುಟ್ಟದ ಆ ಬೆಳಕು ಒಳಗೇ ಪುಟಿದು ಚಿತ್ರವನ್ನು ಪೇಲವ ಮಾಡುತ್ತದೆ. ಇಂಗ್ಲೆಂಡಿನ ಹೆರಾಲ್ಡ್ ಡೆನ್ನಿಸ್ ಟೇಲರ್, 1893ರಲ್ಲಿ ಪ್ರಸಿದ್ಧ ಕುಕ್ ಟ್ರಿಪ್ಲೆಟ್ ಲೆನ್ಸನ್ನು ರೂಪಿಸಿದವನು, 1890ರ ದಶಕದಲ್ಲಿ ಒಂದು ವಿಚಿತ್ರ ಗಮನಿಸಿದ. ವರ್ಷಗಟ್ಟಲೆ ಗಾಳಿಗೆ ಬಿದ್ದು ಬಣ್ಣಗೆಟ್ಟ ಹಳೇ ಗಾಜು ಹೊಳೆಯುವ ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ಒಳಬಿಡುತ್ತಿತ್ತು! ಕಿಲುಬು ಹಿಡಿದದ್ದೇ ಗುಣವಾಗಿತ್ತು. ಆಮ್ಲದಿಂದ ಬೇಕೆಂದೇ ಅಂಥ ಕಿಲುಬು ಬರಿಸುವ ಕ್ರಮಕ್ಕೆ 1904ರಲ್ಲಿ ಪೇಟೆಂಟ್ ಪಡೆದ, ಆದರೆ ಅದು ಎಲ್ಲ ಗಾಜಿಗೂ ಸಮನಾಗಿ ಒಗ್ಗಲಿಲ್ಲ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ ನಿರ್ವಾತದಲ್ಲಿ ಗಾಜಿನ ಮೇಲೆ ಅತಿ ತೆಳು ಪದರ ಕೂರಿಸುವ ದಾರಿ ಕಂಡುಹಿಡಿದ. ಅದು ಮೊದಲಿಗೆ ಸೈನ್ಯದ ಗುಟ್ಟಾಗಿತ್ತು. ಯುದ್ಧ ಮುಗಿದ ಮೇಲೆ ಲೇಪವಿಲ್ಲದ ಲೆನ್ಸಿಗೆ ಬೆಲೆಯೇ ಇಲ್ಲದಾಯಿತು. 1971ರಲ್ಲಿ ಪೆಂಟಾಕ್ಸ್‌ನವರು ಅನೇಕ ಪದರಗಳ ಲೇಪವನ್ನು ಬಜಾರಿಗೆ ತಂದರು.

ಇದರಿಂದ ಕೊಳ್ಳುವವನಿಗೆ ಏನು ಪ್ರಯೋಜನ? ಲೆನ್ಸನ್ನು ಬಾಗಿಲ ಬೆಳಕಿಗೆ ಹಿಡಿದು ಅದರಲ್ಲಿ ಮೂಡುವ ಪ್ರತಿಬಿಂಬದ ಬಣ್ಣ ನೋಡಿ. ಬರಿ ಬಿಳಿ ಆದರೆ ಲೇಪವಿಲ್ಲ, ಯುದ್ಧಕ್ಕೆ ಮುಂಚಿನದು. ತಿಳಿನೀಲಿ, ನೇರಳೆ ಒಂದೇ ಬಣ್ಣವಾದರೆ ಐವತ್ತು-ಅರವತ್ತರ ದಶಕ. ಹಸಿರು, ಕೆಂಪು, ನೇರಳೆ ಬೇರೆ ಬೇರೆ ಬಿಂಬಗಳು ಸಾಲಾಗಿ ಕಂಡರೆ ಎಪ್ಪತ್ತರ ನಂತರ. ಅಂಗಡಿಯವನು ವಯಸ್ಸು ಎಷ್ಟೇ ಹೇಳಲಿ, ಗಾಜು ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಅಲ್ಲದೆ ಮೊದಮೊದಲ ಲೇಪಗಳು ಬಲು ಮೆತ್ತಗೆ. ಪ್ರೀತಿಯಿಂದ ದಿನಾ ಒರೆಸಿದವನ ಲೆನ್ಸೇ ಹೆಚ್ಚು ಹಾಳಾಗಿರುತ್ತದೆ. ಸುತ್ತಿ ಸುತ್ತಿ ಒರೆಸಿದ ಸೂಕ್ಷ್ಮ ಗೆರೆಗಳು ಟಾರ್ಚಿನಲ್ಲಿ ಹೊಗೆಯ ಹಾಗೆ ಕಾಣುತ್ತವೆ.

ಇನ್ನೂ ಹಳೆಯವು ಚೋರ್ ಬಜಾರಿನಲ್ಲಿ ಸಿಗುತ್ತಿದ್ದವು, ಶುಕ್ರವಾರ ನಸುಕಿನಲ್ಲಿ ನೆಲದ ಮೇಲೆ ಗೋಣಿ ಹಾಸಿ ಹರವಿದ ಹಿತ್ತಾಳೆಯ ಭಾರೀ ಲೆನ್ಸುಗಳು. ಬೊಂಬಾಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಶುರುವಾದದ್ದೇ 1854ರಲ್ಲಿ, ಜೋಸೆಫ್ ಪೆಟ್ಸ್‌ವಾಲ್ ವಿಯೆನ್ನಾದಲ್ಲಿ ಮುಖಚಿತ್ರಕ್ಕೆಂದೇ ಲೆನ್ಸು ಲೆಕ್ಕ ಹಾಕಿ ಹದಿನಾಲ್ಕೇ ವರ್ಷಕ್ಕೆ. ಆದ್ದರಿಂದ ಈ ಊರಿನ ಅಟ್ಟಗಳಲ್ಲಿ ಅಂಥವು ಇದ್ದದ್ದು ಆಶ್ಚರ್ಯವಲ್ಲ. ಅವುಗಳಲ್ಲಿ ನೋಡಬೇಕಾದ್ದು ಅಂಟು. ಎರಡು ಗಾಜುಗಳನ್ನು ಜೋಡಿಸಲು ಕೆನಡಾ ಬಾಲ್ಸಮ್ ಎಂಬ ಮರದ ಗೋಂದು ಬಳಸುತ್ತಿದ್ದರು. ಒಣಗಿದಾಗ ಅದು ಬೆಳಕನ್ನು ಬಾಗಿಸುವ ರೀತಿ ಹತ್ತಿರ ಹತ್ತಿರ ಗಾಜಿನದೇ. ಮುದಿಯಾದಾಗ ಅಂಚಿನಿಂದ ಬಿಡುತ್ತ ಬಂದು ಕಾಮನಬಿಲ್ಲಿನ ಬಣ್ಣ ತೋರಿಸುತ್ತದೆ. ಬಣ್ಣ ಚೆಂದ ಅಂತ ಕೊಂಡರೆ ಕೆಟ್ಟಿರಿ.

ಹೆಸರಿನ ಉಂಗುರದ ಬಗ್ಗೆ ಒಂದಷ್ಟು ಹೇಳಬೇಕು. ಮುಂದಿನ ಗಾಜಿನ ಸುತ್ತ ಕೊರೆದ ಅಕ್ಷರಗಳಲ್ಲಿ ಅರ್ಧ ಯುರೋಪಿನ ಜಗಳವೇ ಇದೆ. 1945ರ ಏಪ್ರಿಲ್‌ನಲ್ಲಿ ಝೈಸ್ ಇದ್ದ ಯೇನಾ ಊರನ್ನು ಅಮೆರಿಕದ ಸೈನ್ಯ ಹಿಡಿಯಿತು. ಒಪ್ಪಂದದಂತೆ ಊರನ್ನು ರಷ್ಯನ್ನರಿಗೆ ಬಿಟ್ಟುಕೊಡುವ ಮೊದಲು ಕಂಪನಿಯ ಮುಖ್ಯ ತಜ್ಞರನ್ನು ಲಾರಿಗೆ ಹತ್ತಿಸಿ ಪಶ್ಚಿಮಕ್ಕೆ ಒಯ್ದರು. ಮುಂದೆ ರಷ್ಯನ್ನರು ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ತಮ್ಮಲ್ಲಿಗೆ ಸಾಗಿಸಿದರು. ಪಶ್ಚಿಮದಲ್ಲಿ ಒಂದು ಝೈಸ್, ಪೂರ್ವದಲ್ಲಿ ಒಂದು ಝೈಸ್. ಹೆಸರು ಯಾರದೆಂದು ವರ್ಷಗಟ್ಟಲೆ ಕೋರ್ಟಿನ ವ್ಯಾಜ್ಯ. ಹಾಗಾಗಿ ಕೆಲವು ದೇಶಗಳಿಗೆ ಹೋದ ಪೂರ್ವದ ಲೆನ್ಸುಗಳ ಮೇಲೆ ಝೈಸ್ ಎಂದೂ ಇಲ್ಲ, ಟೆಸ್ಸಾರ್ ಎಂದೂ ಇಲ್ಲ. ಬರಿ ‘ಟಿ’ ಎಂಬ ಅಕ್ಷರ, ‘ಯೇನಾದಿಂದ’ ಎಂಬ ಎರಡು ಜರ್ಮನ್ ಶಬ್ದ. ಗೊತ್ತಿಲ್ಲದವನು ಯಾವುದೋ ಊರುಪೇರಿಲ್ಲದ ಮಾಲು ಎಂದು ಸರಿಸುತ್ತಾನೆ, ಗೊತ್ತಿದ್ದವನು ಮುಖದಲ್ಲಿ ಏನೂ ತೋರಿಸದೆ ಬೆಲೆ ಕೇಳುತ್ತಾನೆ. ರಷ್ಯದ ಝೆನಿತ್ ಕ್ಯಾಮೆರಾದ ಜೊತೆ ಬರುತ್ತಿದ್ದ ಹೇಲಿಯೋಸ್ ಲೆನ್ಸು ಕೂಡ ಝೈಸಿನ ಬಯೋಟಾರ್ ಲೆನ್ಸಿನ ರಷ್ಯನ್ ಸಂತಾನವೇ.

ಉಂಗುರ ಸುಳ್ಳನ್ನೂ ಹೇಳುತ್ತದೆ. ಸೋವಿಯತ್ ಕಾಲದ ಫೆಡ್, ಝೋರ್ಕಿ ಕ್ಯಾಮೆರಾಗಳು ಜರ್ಮನಿಯ ಲೈಕಾದ ನಕಲುಗಳು. ಅವುಗಳ ಇಂಡಸ್ಟಾರ್ ಲೆನ್ಸಿನ ಅಕ್ಷರ ಉಜ್ಜಿ ‘ಎಲ್ಮಾರ್’ ಎಂದು ಕೊರೆದು ಲೈಕಾದ ಬೆಲೆಗೆ ಮಾರುವವರು ಪ್ರಪಂಚದಾದ್ಯಂತ ಇದ್ದಾರೆ. ಅಕ್ಷರ, ಬಣ್ಣ, ನಂಬರು ಎಲ್ಲ ಬದಲಿಸಬಹುದು. ಆದರೆ ಅಸಲಿ 50 ಮಿ.ಮೀ. ಎಲ್ಮಾರಿನಲ್ಲಿ ಅಪರ್ಚರಿನ ರೆಕ್ಕೆಗಳು ಇರುವುದು ಮೊದಲನೇ ಗಾಜಿನ ಹಿಂದೆಯೇ. ಇಂಡಸ್ಟಾರಿನಲ್ಲಿ ಎರಡನೇ ಗಾಜಿನ ಆಚೆಗೆ. ಇಣುಕಿ ನೋಡಿ ರೆಕ್ಕೆ ಎಷ್ಟು ಆಳದಲ್ಲಿದೆ ಎಂದು ತಿಳಿದರೆ ಸಾಕು, ಮೇಲಿನ ಬರಹ ಓದುವುದೇ ಬೇಡ.

ಉಳಿದದ್ದು ಬೇಗ ಮುಗಿಯುವ ಕೆಲಸ. ಕಿವಿಯ ಹತ್ತಿರ ಅಲ್ಲಾಡಿಸಿ, ಗಡಗಡ ಅಂದರೆ ಒಳಗೆ ಏನೋ ಕಳಚಿದೆ. ಅಪರ್ಚರಿನ ಪಿನ್ನು ಒತ್ತಿ ಬಿಟ್ಟರೆ ರೆಕ್ಕೆ ಚಟ್ಟನೆ ಮುಚ್ಚಬೇಕು. ಸೋಮಾರಿಯಾಗಿ ಮುಚ್ಚಿದರೆ ಎಣ್ಣೆ ಇಳಿದಿದೆ. ಫೋಕಸ್ಸಿನ ಉಂಗುರ ತುಪ್ಪದ ಹಾಗೆ ತಿರುಗಬೇಕು. ಸ್ಕ್ರೂಗಳ ತಲೆಯ ಬಣ್ಣ ಹೋಗಿದ್ದರೆ ಯಾರೋ ಬಿಚ್ಚಿದ್ದಾರೆ, ಬಿಚ್ಚಿದವನು ಯಾರೆಂಬುದು ಮುಖ್ಯ. ಫಿಲ್ಟರಿನ ಅಂಚು ಚಪ್ಪಟೆಯಾಗಿದ್ದರೆ ಬಿದ್ದದ್ದು ಖಂಡಿತ. ನಿಕಾನ್ ಲೆನ್ಸಾದರೆ ಅಪರ್ಚರ್ ಉಂಗುರದ ಹಿಂಭಾಗ ನೋಡಬೇಕು: 1959ರಿಂದ ಅದೇ ಮೌಂಟ್ ಇದ್ದರೂ 1977ರಲ್ಲಿ ಉಂಗುರದ ರೂಪ ಬದಲಾಯಿತು, ಹಳೆಯದನ್ನು ಮುಂದಿನ ಕೆಲವು ಕ್ಯಾಮೆರಾಗಳಿಗೆ ಒತ್ತಿ ಸಿಕ್ಕಿಸಿದರೆ ಕ್ಯಾಮೆರಾದ ಮೂಗು ಮುರಿಯುತ್ತದೆ. ಕೆಲವರು ಅರದಿಂದ ಉಜ್ಜಿ ಹೊಂದಿಸುತ್ತಿದ್ದರು, ನಾಜೂಕಾಗಿ ಉಜ್ಜಿದ್ದರೆ ಏನೂ ದೋಷವಿಲ್ಲ. ಎಲ್ಲ ಸರಿ ಕಂಡ ಮೇಲೂ ಒಂದು ರೀಲು ಹಾಕಿ ತೆಗೆದು ತೊಳೆದು ನೋಡುವ ಮಾತಾಡಿಕೊಂಡೇ ಹಣ ಕೊಡಬೇಕು.

ಹೀಗೆ ಬೇರೆಯವರು ಬಳಸಿ ಬಿಟ್ಟ ಗಾಜನ್ನು ಪರೀಕ್ಷಿಸಿ ಕೆಲಸಕ್ಕೆ ಹಚ್ಚಿದವರಲ್ಲಿ ಬಹಳ ದೊಡ್ಡವರೂ ಇದ್ದಾರೆ. ಮೈಸೂರಿನಲ್ಲಿ 1923ರ ನವೆಂಬರ್‌ನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಬಂದವರು. (ಅದೇ ಮೈಸೂರು, ಮರುತಿಂಗಳು ಹುಟ್ಟಿದವರು ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್. ಆ ಊರಿನ ಬೆಳಕಿನಲ್ಲಿ ಏನಿತ್ತೋ!) ಅವರ ಜೋಡಿ ಗುರುದತ್, ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಪಡುಕೋಣೆ ಮನೆತನದ ಹುಡುಗ. ಐವತ್ತರ ದಶಕದ ಕೊನೆಯಲ್ಲಿ ಹಾಲಿವುಡ್ಡಿನ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ ಭಾರತದಲ್ಲಿ ಚಿತ್ರೀಕರಣಕ್ಕೆ ತಂದಿದ್ದ ಸಿನಿಮಾಸ್ಕೋಪ್ ಲೆನ್ಸುಗಳು ಬೊಂಬಾಯಿಯಲ್ಲೇ ಉಳಿದುಕೊಂಡಿದ್ದವಂತೆ. ಸುದ್ದಿ ಕೇಳಿದ ಗುರುದತ್ ಮೂರ್ತಿಯವರ ಕೈಗೆ ಅವನ್ನು ಕೊಟ್ಟು ಪರೀಕ್ಷೆಯ ಶಾಟ್‌ಗಳನ್ನು ತೆಗೆಸಿದರು ಎನ್ನುತ್ತಾರೆ. ಆ ಕಾಲದ ಸ್ಕೋಪ್ ಲೆನ್ಸಿಗೆ ಒಂದು ಹೆಸರಾಂತ ಕಾಯಿಲೆ ಇತ್ತು. ಅಗಲದ ದೃಶ್ಯವನ್ನು ಅಡ್ಡಕ್ಕೆ ಅರ್ಧ ಹಿಸುಕಿ ಫಿಲ್ಮಿಗೆ ಇಳಿಸಿ, ತೆರೆಯ ಮೇಲೆ ಮತ್ತೆ ಬಿಡಿಸುವುದು ಅದರ ಕ್ರಮ. ಮುಖ ತೀರ ಹತ್ತಿರ ಬಂದರೆ ಹಿಸುಕುವುದು ಕಡಿಮೆಯಾಗಿ, ಬಿಡಿಸಿದಾಗ ಕೆನ್ನೆ ಊದಿಕೊಂಡು ಕಾಣುತ್ತಿತ್ತು. ಹಾಲಿವುಡ್ಡಿನವರೇ ಅದಕ್ಕೆ ಮಂಗನಬಾವು ಅಂತ ಹೆಸರಿಟ್ಟಿದ್ದರು. ಅಂಥ ಲೆನ್ಸನ್ನು ಇಟ್ಟುಕೊಂಡು 1959ರಲ್ಲಿ ತಯಾರಾದದ್ದು ‘ಕಾಗಜ್ ಕೆ ಫೂಲ್’, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಪ್ರಸಿದ್ಧ ಬೆಳಕಿನ ಕೋಲು ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿದ ಬಿಸಿಲು. ಚಿತ್ರ ಸೋತಿತು, ಮೂರ್ತಿಯವರಿಗೆ ಫಿಲ್ಮ್‌ಫೇರ್ ಬಂತು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಊದಿದ ಕೆನ್ನೆಯ ಭಯವಿರುವ ಲೆನ್ಸಿನಲ್ಲಿ ವಹೀದಾ ರೆಹಮಾನರ ಮುಖ ಹಾಗೆ ಕಾಣುವಂತೆ ಮಾಡಬೇಕಾದರೆ ಅದರ ದೋಷವೆಲ್ಲಿ, ಯಾವ ದೂರದಲ್ಲಿ ಎಂದು ಅಂಗೈಗೆರೆಯಷ್ಟು ಗೊತ್ತಿರಬೇಕು.

ಮಾಷ್ಟ್ರು ಮೂರ್ತಿಯವರನ್ನು ದೂರದಿಂದ ಮಾತ್ರ ನೋಡಿದವರು. ಆದರೆ ಅವರ ಬಳಿಯೂ ಅಂಥದೊಂದು ತಿಳಿವಳಿಕೆ ಇತ್ತು. 1988ರ ಮಾರ್ಚ್ ಇರಬೇಕು. ಕಾರ್ಕಳದ ಹುಡುಗನೊಬ್ಬ, ಹಗಲು ಹೋಟೆಲಿನ ಗಲ್ಲೆಯ ಪಕ್ಕ ಕೂಪನ್ ಹರಿಯುತ್ತಿದ್ದವನು, ಹದಿನಾಲ್ಕು ತಿಂಗಳು ಉಳಿಸಿದ ಸಾವಿರದ ಎಂಟುನೂರು ರೂಪಾಯಿ ಜೇಬಿಗೆ ಪಿನ್ನು ಹಾಕಿಕೊಂಡು ಬಂದಿದ್ದ. ಮೇ ತಿಂಗಳಲ್ಲಿ ಊರಲ್ಲಿ ಮೂರು ಮದುವೆ ಒಪ್ಪಿಕೊಂಡಾಗಿತ್ತು. ಪೆಂಟಾಕ್ಸಿನ ಮೈ ಸ್ಟುಡಿಯೋದಿಂದ ಎರವಲು, ಅದರ ತಿರುಪಿಗೆ ಕೂರುವ 50 ಮಿ.ಮೀ. ಲೆನ್ಸು ಬೇಕು. ಆ ಮದುವೆಗಳು ಸರಿಯಾದರೆ ಹೋಟೆಲು ಬಿಡುವುದು, ಇಲ್ಲವಾದರೆ ಕೂಪನ್ನೇ ಗತಿ. ನಾನು ಜೊತೆಗೆ ಹೋದದ್ದು ಕುತೂಹಲಕ್ಕೆ.

ಅಂಗಡಿಯವನು ಎರಡು ಲೆನ್ಸು ಇಟ್ಟ. ಒಂದು ಥಳಥಳ, “ಏಕ್‌ದಮ್ ನಯಾ, ಡಬ್ಬಾ ಭೀ ಹೈ” ಅಂದ. ಇನ್ನೊಂದು ಎಫ್ 1.4ರ ಸೂಪರ್ ಟಕುಮಾರ್, ಗಾಜು ನೋಡಿದರೆ ಕಣ್ಣಿ ಚಹಾದ ಬಣ್ಣ. ಹುಡುಗನ ಕೈ ಥಳಥಳದ ಮೇಲೆ. ಮಾಷ್ಟ್ರು ಟಾರ್ಚು ಹಾಕಿ ಓರೆ ಮಾಡಿದರು, ಭೂತಗನ್ನಡಿಯನ್ನು ಹುಡುಗನ ಕೈಗೆ ಕೊಟ್ಟರು. ಒಳಗೆ ಎರಡು ಗಾಜು ಅಂಟಿಸಿದ ಜಾಗದ ಅಂಚಿನಲ್ಲಿ ಬಲೆ ಇತ್ತು. ಯಾರೋ ಅದರ ಮೇಲ್ಭಾಗ ಒರೆಸಿದ್ದರು. ಒರೆಸಿದಲ್ಲಿ ಲೇಪವೂ ಎದ್ದುಹೋಗಿ ಗಾಜಿನಲ್ಲಿ ಇರುವೆ ಹರಿದ ಹಾಗೆ ಗೆರೆಗಳು. “ಇದ್ ಹೋಪ್ದಲ್ಲ” ಅಂದರು. ಆಮೇಲೆ ಹಳದಿ ಲೆನ್ಸನ್ನು ಬಾಗಿಲಿಗೆ ಹಿಡಿದು ತುಂಬ ಹೊತ್ತು ನೋಡಿ, “ಬಣ್ಣ ಮಾತ್ರ. ಬಿಸ್ಲಿಗಿಟ್ರೆ ಹೋತ್ತ್” ಅಂದರು. ಹುಡುಗ ನನ್ನ ಮುಖ ನೋಡಿದ. ಹದಿನಾಲ್ಕು ತಿಂಗಳ ಹಣ. ಬಣ್ಣದ ಫಿಲ್ಮಿನಲ್ಲಿ ಮದುಮಗಳು ಅರಸಿನ ಹಚ್ಚಿದವಳಂತೆ ಬಂದರೆ? “ಹೌದಾ ಮಾಷ್ಟ್ರೆ?” ಅಂತ ಮೂರು ಸಲ ಕೇಳಿದ. ಅಂಗಡಿಯವನಿಗೂ ಅದು ಕೆಟ್ಟ ಮಾಲೆಂದೇ ಲೆಕ್ಕ, ಒಂಬೈನೂರಕ್ಕೆ ಕೊಟ್ಟ.

ಹಳದಿಯ ಕಾರಣ ನಾನು ಓದಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ಬೆಳಕನ್ನು ಹೆಚ್ಚು ಬಾಗಿಸುವ ಗಾಜಿಗಾಗಿ ಆಗಿನ ಕೆಲವು ಕಂಪನಿಗಳು ಗಾಜಿನಲ್ಲಿ ಥೋರಿಯಂ ಆಕ್ಸೈಡ್ ಬೆರೆಸುತ್ತಿದ್ದವು. ಥೋರಿಯಂ ವಿಕಿರಣ ಸೂಸುತ್ತದೆ. ಬಳಸುವವನಿಗೆ ಭಯಪಡುವಷ್ಟಲ್ಲ, ಆದರೆ ಗಾಜಿನೊಳಗೇ ವರ್ಷಗಟ್ಟಲೆ ಕೆಲಸ ಮಾಡಿ ಅದನ್ನು ಹಳದಿಗಟ್ಟಿಸುತ್ತದೆ. ಬಿಸಿಲಿನ ನೇರಳಾತೀತ ಕಿರಣ ಆ ಹಳದಿಯನ್ನು ಬಿಡಿಸುತ್ತದೆ. ಮಾಷ್ಟ್ರಿಗೆ ಥೋರಿಯಂ ಗೊತ್ತಿರಲಿಲ್ಲ. ತಮ್ಮದೇ ಒಂದು ಲೆನ್ಸನ್ನು ಮರೆತು ಕಿಟಕಿಯಲ್ಲಿ ಬಿಟ್ಟಾಗ ಕಂಡದ್ದಷ್ಟೇ ಗೊತ್ತು.

ಏಪ್ರಿಲ್ ಪೂರ್ತಿ ಲೆನ್ಸು ಗೋರೆಗಾಂವ್‌ನ ತಾರಸಿಯ ಮೇಲಿತ್ತು. ಅಡಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ಅದರ ಮೇಲೆ ಲೆನ್ಸನ್ನು ಹಿಂಭಾಗ ಕೆಳಗಾಗಿ ನಿಲ್ಲಿಸಿ, ಗಂಟೆಗೊಮ್ಮೆ ತಿರುಗಿಸಬೇಕು. ಬಟ್ಟೆಯೋ ಕಟ್ಟಿಗೆಯೋ ಹತ್ತಿರವಿದ್ದರೆ ಅದು ಭೂತಗನ್ನಡಿಯಾಗಿ ಸುಟ್ಟೇಬಿಡುತ್ತದೆ. ಕಾಗೆ ಒಯ್ಯದ ಹಾಗೆ ಮೇಲೆ ತಂತಿಯ ಬುಟ್ಟಿ. ಸಂಜೆ ಡ್ಯೂಟಿ ಮುಗಿಸಿ ಬಂದ ಹುಡುಗ ಬಿಳಿ ಕಾಗದದ ಮೇಲೆ ಲೆನ್ಸು ಹಿಡಿದು ಬಣ್ಣ ನೋಡುತ್ತಿದ್ದ. ಚಹಾ ಹೋಗಿ ಕಷಾಯವಾಯಿತು, ಕಷಾಯ ಹೋಗಿ ನಿಂಬೆಹಣ್ಣಿನ ಪಾನಕವಾಯಿತು. ತಿಂಗಳ ಕೊನೆಗೆ ಒಂದು ರೀಲು ತೆಗೆದು ತೊಳೆಸಿದಾಗ ಬಿಳಿ ಪಂಚೆ ಬಿಳಿಯಾಗಿಯೇ ಬಂತು. ಮೇ ಎರಡನೇ ವಾರ ಅವನು ಊರಿನ ಬಸ್ಸು ಹತ್ತಿದ. ಹೋಟೆಲಿಗೆ ವಾಪಸು ಬರಲಿಲ್ಲ.

1991ರ ನಂತರ ಆಮದು ಸಡಿಲವಾಗಿ, ಆಮೇಲೆ ಡಿಜಿಟಲ್ ಬಂದು, ಬೋರಾ ಬಜಾರಿನ ಹಳೇ ಮಾಲಿಗೆ ಕೆಲಕಾಲ ಕೇಳುವವರೇ ಇಲ್ಲವಾಗಿತ್ತು. ಕಿಲೋ ಲೆಕ್ಕಕ್ಕೆ ಹೋದ ಲೆನ್ಸುಗಳನ್ನು ನಾನೇ ನೋಡಿದ್ದೇನೆ. ಈಗ ಹೊಸ ಕ್ಯಾಮೆರಾಗಳಿಗೆ ಅಡಾಪ್ಟರ್ ಹಾಕಿ ಹಳೇ ಗಾಜು ಬಳಸುವ ಷೋಕಿ ಬಂದು ಅವಕ್ಕೆ ಮತ್ತೆ ಬೆಲೆ ಬಂದಿದೆ. ಹುಡುಗರು ಮೊಬೈಲಿನ ಟಾರ್ಚು ಹಾಕಿ ನೋಡುತ್ತಾರೆ, ಅದು ಮಾಷ್ಟ್ರ ಎರಡು ಸೆಲ್ಲಿನ ಟಾರ್ಚಿಗಿಂತ ಎಷ್ಟೋ ವಾಸಿ. ಆದರೆ ಹೆಚ್ಚಿನವರು ನೇರವಾಗಿ ಹಿಡಿದು ನೋಡುತ್ತಾರೆ, ಓರೆ ಮಾಡುವುದಿಲ್ಲ. ಮಾಷ್ಟ್ರು ಈಗಿಲ್ಲ.

ಕಾರ್ಕಳದಲ್ಲಿ ಆ ಹುಡುಗನ ಸ್ಟುಡಿಯೋವನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಟಕುಮಾರ್ ಬಿಸ್ಕತ್ತಿನ ಡಬ್ಬದಲ್ಲಿದೆ. ಥೋರಿಯಂ ಅರ್ಧ ಕರಗಲು ಸುಮಾರು 1,400 ಕೋಟಿ ವರ್ಷ ಬೇಕಂತೆ, ಆದ್ದರಿಂದ ಹಳದಿ ನಿಧಾನವಾಗಿ ಮತ್ತೆ ಬರುತ್ತಲೇ ಇರುತ್ತದೆ. ಐದಾರು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಅವನು ಅದನ್ನು ತಾರಸಿಗೆ ಒಯ್ಯುತ್ತಾನೆ, ಮೇಲೆ ತಂತಿಯ ಬುಟ್ಟಿ ಕವುಚುತ್ತಾನೆ. ಸಿಗರೇಟು ಬಿಟ್ಟು ಬಹಳ ವರ್ಷವಾದ್ದರಿಂದ ಈಗ ಅಡಿಗೆ ಹಾಕುವುದು ಹೋಟೆಲಿನಿಂದ ಚಪಾತಿ ಕಟ್ಟಿಕೊಡುವ ಬೆಳ್ಳಿ ಹಾಳೆ.